ಮೊಸರನ್ನ ತಿಂದವಳಿಗೂ ಸಮಪಾಲೇ?

ಪ್ರಶ್ನೆ: ಬೆಂಗಳೂರಿನ ಹೋಟೆಲೊಂದರಲ್ಲಿ ನಾವು ಆರು ಸಹೋದ್ಯೋಗಿಗಳು ಊಟ ಮಾಡಿದೆವು. ಊಟಕ್ಕೆ 3,000, ಸೇವಾ ಶುಲ್ಕ 300, ಜಿಎಸ್‌ಟಿ 165 ರೂಪಾಯಿ. ತಲಾ 577.50 ಎಂದು ಹಂಚಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ತಿಂದದ್ದು 240 ರೂಪಾಯಿಯ ಮೊಸರನ್ನ ಮಾತ್ರ. ತುಟಿ ಬಿಚ್ಚದೆ ಕೊಟ್ಟಳು. ನನಗೆ ಇನ್ನೂ ಸಂಕಟವಾಗುತ್ತಿದೆ. ನ್ಯಾಯವಾದ ಲೆಕ್ಕ ಹೇಗೆ?

ಉತ್ತರ: ಅವರವರು ತಿಂದದ್ದಕ್ಕೆ ಶೇ 5 ಜಿಎಸ್‌ಟಿ ಸೇರಿಸಿ, ಅವಳದು 252. ಶೇ 10 ಸೇವಾ ಶುಲ್ಕವನ್ನೂ ಅದರ ಮೇಲಿನ ಜಿಎಸ್‌ಟಿಯನ್ನೂ ಕಟ್ಟಿರುವುದರಿಂದ 277.20. ಆ ಶುಲ್ಕ ಕಡ್ಡಾಯವಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಹಾಗೆಯೇ ಹೇಳಿದೆ. ತೆಗೆಯಲು ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಇನ್ನೊಂದು ಉತ್ತರ: ಬಡಿಸಿದವರನ್ನು ಮರೆಯಬೇಡಿ. ಟಿಪ್ಸ್ ನೇರವಾಗಿ ಅವರ ಕೈಗೇ ಕೊಡಿ. ಹೆಚ್ಚು ಸಂಬಳದವರು ಭರಿಸಲಿ.

ಪ್ರಶ್ನೆ ಕೇಳಿದವರು: ಒಪ್ಪಿದೆ. ಅವಳ 300.30 ರೂಪಾಯಿಯನ್ನು ನಾಳೆಯೇ ಹಿಂದಿರುಗಿಸುತ್ತೇನೆ.