ಗರ್ಭದ ನೀರು ಕಮ್ಮಿ: ಎಎಫ್‌ಐ 4.8, ಮುಂದೇನು?

ಪ್ರಶ್ನೆ (ಮಂಡ್ಯ): ತಂಗಿಗೆ 34 ವಾರ. ಸ್ಕ್ಯಾನ್‌ನಲ್ಲಿ ಎಎಫ್‌ಐ (ನಾಲ್ಕು ಕಡೆಯ ನೀರಿನ ಆಳ ಕೂಡಿಸಿದ ಅಳತೆ) 4.8 ಸೆಂ.ಮೀ., ಅತಿ ಆಳದ ಪಾಕೆಟ್ (ನೀರು ಅತಿ ಹೆಚ್ಚು ಆಳ ಇರುವ ಒಂದು ಜಾಗ) 2.3 ಸೆಂ.ಮೀ. ಮಗುವಿನ ತೂಕ ಸರಿಯಿದೆ. ಎಳನೀರು ಕುಡಿದರೆ ಸಾಕಾ?

ಉತ್ತರ: ಪಾಕೆಟ್ 2 ಸೆಂ.ಮೀ. ದಾಟಿದೆ, ಗಾಬರಿ ಬೇಡ. ಎಎಫ್‌ಐ ಒಂದನ್ನೇ ಹಿಡಿದು ಹೋದರೆ ಬೇಡದ ಕಡೆಯೂ ಔಷಧಿ ಕೊಟ್ಟು ಹೆರಿಗೆ ನೋವು ಬರಿಸೋದು ಜಾಸ್ತಿಯಾಗುತ್ತೆ. ಮೊದಲು ನೀರು ಸೋರುತ್ತಿದೆಯಾ ಅಂತ ಸ್ಪೆಕ್ಯುಲಂ (ಯೋನಿಯೊಳಗೆ ನೋಡುವ ಸಾಧನ) ಹಾಕಿ ನೋಡಿಸಿ. ಒಣ ಪ್ಯಾಡ್ ಮತ್ತೆ ಮತ್ತೆ ಒದ್ದೆಯಾದರೆ ಅದೇ ದಿನ ಹೋಗಿ. ಬಿಪಿ, ಡಾಪ್ಲರ್ (ಮಗುವಿನ ರಕ್ತ ಹರಿವು ನೋಡುವ ಸ್ಕ್ಯಾನ್), ಎನ್‌ಎಸ್‌ಟಿ (ಮಗುವಿನ ಎದೆಬಡಿತದ ಪರೀಕ್ಷೆ) ಕೂಡ ಆಗಲಿ.

ಉತ್ತರ: ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುತ್ತಿದ್ದಾರಾ? ಡಾಕ್ಟರಿಗೆ ಹೇಳಿ ನಿಲ್ಲಿಸಿ. ಈ ತಿಂಗಳಲ್ಲಿ ಗರ್ಭದ ನೀರು ಬಹುಪಾಲು ಮಗುವಿನ ಮೂತ್ರವೇ, ಆ ಮಾತ್ರೆ ಅದನ್ನೇ ತಗ್ಗಿಸುತ್ತೆ. ದಿನಕ್ಕೆ 2 ಲೀಟರ್ ನೀರು ಕುಡಿಯಲಿ, ಎಳನೀರೇ ಆಗಬೇಕಿಲ್ಲ.

ಉತ್ತರ: ಮಗುವಿನ ಒದೆತ ಕಮ್ಮಿಯಾದರೆ ರಾತ್ರಿಯಾದರೂ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಹೊರಡಿ, ಬೆಳಗಿನ ತನಕ ಕಾಯಬೇಡಿ. ಪಾಕೆಟ್ 2 ಸೆಂ.ಮೀ.ಗಿಂತ ಇಳಿದರೆ ಸಾಮಾನ್ಯವಾಗಿ 36–37 ವಾರಕ್ಕೇ ಹೆರಿಗೆ ಮಾಡಿಸುತ್ತಾರೆ.