ಕೈನಡುಕ, ಟೆನ್ಷನ್, ಕೆಲಸ: ಪಾರ್ಕಿನ್ಸನ್ ಬಗ್ಗೆ ನರರೋಗ ವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕರು, 51 ವರ್ಷ):
ನಮಸ್ಕಾರ ಡಾಕ್ಟ್ರೇ. ಹೋದ ವರ್ಷ ನನಗೆ ಪಾರ್ಕಿನ್ಸನ್ ಅಂತ ಗೊತ್ತಾಯಿತು. ಬಲಗೈ ನಡುಗುತ್ತದೆ. ಸಿಂಡೋಪಾ ಮಾತ್ರೆ ದಿನಕ್ಕೆ ಮೂರು ಸಲ, ಬೆಳಗಿನದು ತಿಂಡಿ ಮತ್ತು ಹಾಲಿನ ಜೊತೆ. ಮನೆಯಲ್ಲಿದ್ದಾಗ ಪರವಾಗಿಲ್ಲ. ಆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರೆ ಮುಗಿಯಿತು, ಕೈ ಹಿಡಿತಕ್ಕೇ ಬರುವುದಿಲ್ಲ. ಜೇಬಿನೊಳಗೆ ಇಟ್ಟುಕೊಂಡರೆ ಪ್ಯಾಂಟಿನ ಬಟ್ಟೆಯೇ ಅಲ್ಲಾಡುವುದು ಕಾಣುತ್ತದೆ. ಸ್ಟಾಫ್ ರೂಮಿನಲ್ಲಿ ಒಬ್ಬರು "ಮೇಷ್ಟ್ರು ರಾತ್ರಿ ಹಾಕ್ತಾರೇನೋ" ಅಂದದ್ದು ಕಿವಿಗೆ ಬಿತ್ತು. ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಟೆನ್ಷನ್‌ನಿಂದ ಕಾಯಿಲೆ ಬೆಳೆಯುತ್ತಿದೆಯಾ? ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡುಬಿಡಲಾ?

ಉತ್ತರ:
ಮೇಷ್ಟ್ರೇ, ಮೊದಲು ಜೇಬಿನ ವಿಷಯ. ಪಾರ್ಕಿನ್ಸನ್ ನಡುಕ ಜಾಸ್ತಿ ಬರುವುದೇ ಕೈ ಸುಮ್ನೆ ಇದ್ದಾಗ. ತೊಡೆ ಮೇಲೆ ಇಟ್ಟಾಗ, ಪಕ್ಕದಲ್ಲಿ ಇಳಿಬಿಟ್ಟಾಗ, ಜೇಬಲ್ಲಿ ಇಟ್ಟಾಗ. ಕೈ ಕೆಲಸಕ್ಕೆ ಇಳಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ನಿದ್ದೆಯಲ್ಲಿ ನಿಂತೇ ಹೋಗುತ್ತದೆ. ಅಂದರೆ ನೀವು ಬಚ್ಚಿಡಲು ಆರಿಸಿಕೊಂಡ ಜಾಗವೇ ನಡುಕಕ್ಕೆ ಅನುಕೂಲದ ಜಾಗ. ಡಸ್ಟರ್ ಹಿಡಿದುಕೊಳ್ಳಿ, ಪುಸ್ತಕ ಹಿಡಿದುಕೊಳ್ಳಿ, ಮೇಜನ್ನು ಒತ್ತಿ ಹಿಡಿಯಿರಿ. ಕೈಗೆ ಏನಾದರೂ ಕೆಲಸ ಇರಲಿ.

ಟೆನ್ಷನ್ ಬಗ್ಗೆ ಹೇಳುತ್ತೇನೆ. ಕ್ಲಿನಿಕ್‌ನಲ್ಲಿ ನಾವು ರೋಗಿಯನ್ನು ಕೂರಿಸಿ, ಕೈ ತೊಡೆ ಮೇಲೆ ಇಡಿಸಿ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅನ್ನುತ್ತೇವೆ. 93, 86, 79 ಅನ್ನುವಷ್ಟರಲ್ಲಿ ಸುಮ್ಮನಿದ್ದ ಹೆಬ್ಬೆರಳು ತೋರುಬೆರಳಿನ ಮೇಲೆ ಗುಳಿಗೆ ಉರುಳಿಸಿದ ಹಾಗೆ ಆಡಲು ಶುರುವಾಗುತ್ತದೆ. ಮನಸ್ಸಿಗೆ ಇಷ್ಟು ಸಣ್ಣ ಭಾರ ಬಿದ್ದರೂ ಹೀಗೆ, ಇನ್ನು ಸಾಹೇಬರು ಎದುರಿಗೆ ಕೂತರೆ ಅಡ್ರಿನಲಿನ್ ಏರಿ ನಡುಕ ಎದ್ದು ಕಾಣುವುದರಲ್ಲಿ ಆಶ್ಚರ್ಯ ಏನಿದೆ? ಇದು ನಿಮ್ಮ ಪುಕ್ಕಲುತನ ಅಲ್ಲ, ಕಾಯಿಲೆಯ ಸ್ವಭಾವ. ಆ ಗಳಿಗೆ ಕಳೆದ ಮೇಲೆ ನಡುಕವೂ ಇಳಿಯುತ್ತದೆ. ಒಂದು ಇನ್‌ಸ್ಪೆಕ್ಷನ್‌ನಿಂದ ಕಾಯಿಲೆ ಮುಂದೆ ಹೋಯಿತು ಅಂತ ತಿಳಿಯಬೇಡಿ.

ಆದರೆ ಯಾರಾದರೂ ನೋಡಿಬಿಟ್ಟಾರು ಅಂತ ದಿನವಿಡೀ ಕಾವಲು ಕಾಯುತ್ತೀರಲ್ಲ, ಅದೂ ಟೆನ್ಷನ್ನೇ. ಆರು ಪೀರಿಯಡ್ಡೂ ಹೊತ್ತುಕೊಂಡೇ ಇರುತ್ತೀರಿ. ನನ್ನ ಅನುಭವದಲ್ಲಿ ಕೆಲಸಕ್ಕೆ ಹೋಗುವ ರೋಗಿಗಳನ್ನು ನಡುಕಕ್ಕಿಂತ ಹೆಚ್ಚು ದಣಿಸುವುದು ಇದೇ.

ಮಾತ್ರೆಯ ಹೊತ್ತನ್ನು ಬದಲಿಸಬೇಕು. ಹಾಲು, ಮೊಸರು, ಬೇಳೆ, ಮೊಟ್ಟೆಯ ಪ್ರೋಟೀನು, ನಿಮ್ಮ ಸಿಂಡೋಪಾದಲ್ಲಿರುವ ಲೆವೊಡೋಪಾ ಅನ್ನುವ ಔಷಧಿ ಒಳಗೆ ಸೇರುವುದಕ್ಕೆ ಪೈಪೋಟಿ ಕೊಡುತ್ತದೆ. ಊಟ ತಿಂಡಿಗೆ ಅರ್ಧ ಗಂಟೆಯಾದರೂ ಮೊದಲು, ಬರೀ ನೀರಿನಲ್ಲಿ ತಗೊಳ್ಳಿ. ಹೊಟ್ಟೆ ತೊಳೆಸಿದರೆ ಒಂದೆರಡು ಬಿಸ್ಕೆಟ್ ಸಾಕು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಇದ್ದರೆ ಅದಕ್ಕೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಸಾಹೇಬರು ಬರುತ್ತಾರೆ ಅಂತ ನೀವೇ ಒಂದು ಮಾತ್ರೆ ಜಾಸ್ತಿ ನುಂಗಬೇಡಿ. ಬೇಜಾರಾಗಿ ಒಮ್ಮೆಲೇ ನಿಲ್ಲಿಸುವುದಂತೂ ಬೇಡವೇ ಬೇಡ, ಜೋರು ಜ್ವರ ಬಂದು ಮೈ ಸೆಟೆದುಕೊಂಡು ಜೀವಕ್ಕೇ ಅಪಾಯವಾಗಬಹುದು.

ಇನ್ನು ವಿಆರ್‌ಎಸ್. ದಯವಿಟ್ಟು ಈಗಲೇ ಬರೆದುಕೊಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರು ಹಾಕಿಯೇ ಇದೆ. ಅದರ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವ ಹಾಗಿಲ್ಲ, ದರ್ಜೆ ಇಳಿಸುವ ಹಾಗೂ ಇಲ್ಲ. ಈಗಿನ ಹುದ್ದೆ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಮಾಡಿಯಾದರೂ ಇಟ್ಟುಕೊಳ್ಳಬೇಕು. ಜಿಲ್ಲಾಸ್ಪತ್ರೆಯಲ್ಲಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬಗ್ಗೆ ವಿಚಾರಿಸಿ.

ಶಿಕ್ಷಕರು:
ಸೆಕ್ಷನ್ 20 ಗೊತ್ತೇ ಇರಲಿಲ್ಲ ಡಾಕ್ಟ್ರೇ, ಮನಸ್ಸು ಸ್ವಲ್ಪ ಹಗುರಾಯಿತು. ಬೋರ್ಡ್ ಮೇಲೆ ಬರೆಯುತ್ತಾ ಹೋದ ಹಾಗೆ ಅಕ್ಷರ ಸಣ್ಣದಾಗುತ್ತದೆ, ಕೊನೆ ಬೆಂಚಿನವರಿಗೆ ಕಾಣುವುದಿಲ್ಲ. ಅದಕ್ಕೇನು ಮಾಡಲಿ?

ಉತ್ತರ:
ಅದೂ ಈ ಕಾಯಿಲೆಯದೇ ಲಕ್ಷಣ. ಬೋರ್ಡಿಗೆ ಅಗಲ ಅಂತರದ ಅಡ್ಡಗೆರೆ ಹಾಕಿಸಿ, ಪ್ರತಿ ಅಕ್ಷರವೂ ಮೇಲಿನ ಗೆರೆ ಮುಟ್ಟಲಿ. ಕಣ್ಣಿಗೆ ಗುರುತು ಸಿಕ್ಕರೆ ಕೈ ಕೇಳುತ್ತದೆ. ಉದ್ದದ ಲೆಕ್ಕವನ್ನು ಮಕ್ಕಳ ಕೈಲೇ ಬಿಡಿಸಿ, ಅವರಿಗೂ ಒಳ್ಳೆಯದು ಅಲ್ವಾ. ವರದಿಗಳನ್ನು ಮೊಬೈಲಿಗೆ ಕನ್ನಡದಲ್ಲೇ ಹೇಳಿ ಟೈಪ್ ಮಾಡಿಸಬಹುದು. ದಿನಾ ಬೆವರು ಬರುವಷ್ಟು ಚುರುಕಾಗಿ ನಡೆಯಿರಿ, ಇದನ್ನು ಔಷಧಿಯಷ್ಟೇ ಗಂಭೀರವಾಗಿ ತಗೊಳ್ಳಿ.

ಇನ್ನೊಬ್ಬ ಮಹಿಳೆಯ ಪ್ರಶ್ನೆ:
ನಮ್ಮ ಮಾವನವರಿಗೂ ಈಚೆಗೆ ನಡುಕ ಶುರುವಾಗಿದೆ. ಕಿರಾಣಿ ಅಂಗಡಿ, ಚಿಲ್ಲರೆ ಎಣಿಸುವುದೇ ಕಷ್ಟ. ತಲೆಸುತ್ತಿಗೆ ಸ್ಟುಜೆರಾನ್ ಬಹಳ ದಿನದಿಂದ ತಗೊಳ್ಳುತ್ತಿದ್ದಾರೆ. ಯಾರೋ ನಸುಗುನ್ನಿ ಪುಡಿ ಕೊಡಿ ಅಂದರು.

ಉತ್ತರ:
ಸ್ಟುಜೆರಾನ್‌ನಲ್ಲಿರುವ ಸಿನ್ನರಿಜಿನ್ ವಯಸ್ಸಾದವರಲ್ಲಿ ಪಾರ್ಕಿನ್ಸನ್ ಥರದ್ದೇ ನಡುಕ, ಬಿಗಿತ ತರಬಲ್ಲದು. ನಿಲ್ಲಿಸಿದ ಮೇಲೆ ಎಷ್ಟೋ ಜನರಲ್ಲಿ ನಿಧಾನಕ್ಕೆ, ಕೆಲವು ತಿಂಗಳಲ್ಲಿ ಇಳಿಯುತ್ತದೆ. ಈ ವಾರವೇ ವೈದ್ಯರಿಗೆ ಮಾತ್ರೆಯ ಚೀಟಿ ತೋರಿಸಿ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ, ಆದರೆ ಒಂದು ಚಮಚದಲ್ಲಿ ಎಷ್ಟಿದೆ ಅಂತ ಅಳೆಯಲು ಆಗುವುದಿಲ್ಲ. ಕಾಯಿಲೆ ಯಾವುದು ಅಂತ ತಿಳಿಯುವ ಮೊದಲು ಕೊಡಬೇಡಿ.

ಶಿಕ್ಷಕರು:
ಕೊನೆಯದೊಂದು. ಮಕ್ಕಳಿಗೆ, ಹೆಡ್‌ಮಾಸ್ಟರಿಗೆ ಏನಂತ ಹೇಳಲಿ?

ಉತ್ತರ:
ಹೆಡ್‌ಮಾಸ್ಟರಿಗೆ ಒಬ್ಬರೇ ಇದ್ದಾಗ, ಡಾಕ್ಟರ ಚೀಟಿ ಜೊತೆ ಹೇಳಿ. ನಿಮ್ಮ ಪೀರಿಯಡ್‌ಗಳನ್ನು ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿಗೆ ಹಾಕಿಕೊಡಿ ಅಂತ ಕೇಳಿ. ಮಕ್ಕಳಿಗೆ ಇಷ್ಟು ಸಾಕು: "ನನಗೆ ಒಂದು ನರದ ಕಾಯಿಲೆ ಇದೆ, ಅದಕ್ಕೆ ಕೈ ನಡುಗುತ್ತದೆ. ಇದು ಅಂಟುವುದಿಲ್ಲ, ಅಕ್ಷರ ಕಾಣದಿದ್ದರೆ ಕೇಳಿ." ಮುಂದಿನ ಸಲ ನಿಮ್ಮ ವೈದ್ಯರ ಹತ್ತಿರ ಹೋಗುವ ಮುಂಚೆ ಒಂದು ಮೂರು ದಿನ ಮಾತ್ರೆ ನುಂಗಿದ ಹೊತ್ತು, ನಡುಕ ಏರಿದ ಹೊತ್ತು ಬರೆದಿಡಿ. ನಡುಗುವಾಗ ಮನೆಯವರ ಕೈಲಿ ಮೊಬೈಲಲ್ಲಿ ವಿಡಿಯೊ ಮಾಡಿಸಿ. ಡೋಸ್ ಬದಲಿಸಬೇಕಾ ಬೇಡವಾ ಅನ್ನುವುದನ್ನು ಅವರು ಅದನ್ನು ನೋಡಿ ಹೇಳುತ್ತಾರೆ.