ಬ್ರೇಕ್ ‘ಹಿಡಿಯುವುದು’, ‘ಹಿಡಿದುಕೊಳ್ಳುವುದು’, ‘ಸೋಲುವುದು’: ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನ್ನಂತೆಯೇ ಹಳೆಯ ಮಾಜ್ದಾ ಮಿಯಾಟಾ ಕಾರು ಇಟ್ಟುಕೊಂಡಿರುವ ಕನ್ನಡದ ಗೆಳೆಯರಿದ್ದಾರೆ. ಅದರ ಬ್ರೇಕ್ ಬದಲಿಸುವ ಬಗೆಯನ್ನು ಅವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಟ್ಟು, ಬೋಲ್ಟು, ಪ್ಯಾಡು, ಪೈಪುಗಳಿಗೆ ಕನ್ನಡ ಹುಡುಕುವ ಗೋಜಿಗೆ ಹೋಗಿಲ್ಲ, ಅವೆಲ್ಲ ನಮ್ಮವೇ ಆಗಿವೆ. ತೊಡಕಾಗಿರುವುದು ಕ್ರಿಯಾಪದಗಳು. ಬ್ರೇಕ್ ಏನು ಮಾಡುತ್ತದೆ, ಕೆಟ್ಟಾಗ ಅದಕ್ಕೆ ಏನಾಗುತ್ತದೆ ಎಂದು ಹೇಳುವಲ್ಲಿ ಸಂದೇಹ ಬಂದಿದೆ. ಬಲ್ಲವರು ನೆರವಾಗಬೇಕು.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1989ರಿಂದ 1993ರವರೆಗಿನ 1.6 ಲೀಟರ್ ಮಿಯಾಟಾದಲ್ಲಿ ಮುಂದಿನ ಡಿಸ್ಕ್ (ಚಕ್ರದೊಡನೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ಲೋಹದ ಬಿಲ್ಲೆ) 235 ಮಿ.ಮೀ. ಅಗಲ, ಹಿಂದಿನದು 231 ಮಿ.ಮೀ. 1994ರಲ್ಲಿ 1.8 ಲೀಟರ್ ಎಂಜಿನ್ ಬಂದಾಗ ಇವು 255 ಮತ್ತು 251ಕ್ಕೆ ಏರಿದವು. ಹಳೆಯ ಗಾಡಿಗೆ ಹೊಸದರ ಡಿಸ್ಕ್, ಪ್ಯಾಡ್ ಮತ್ತು ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕೂರುವ ಬ್ರಾಕೆಟ್ ಹಾಕಿದರೆ ಸಾಕು. ಕ್ಯಾಲಿಪರ್ ಹಳೆಯದೇ ನಡೆಯುತ್ತದೆ, 14 ಇಂಚಿನ ಹಳೆಯ ಚಕ್ರವೂ ನಡೆಯುತ್ತದೆ. ಆದರೆ ಮುಂದೆ ಹಿಂದೆ ಎರಡೂ ಕಡೆ ಬದಲಿಸಬೇಕು. ಮುಂದೆ ಮಾತ್ರ ದೊಡ್ಡದು ಹಾಕಿದರೆ ಹಿಂದಿನ ಬ್ರೇಕಿನ ಪಾಲು ಕಡಿಮೆಯಾಗಿ ಅದರ ಶಕ್ತಿ ವ್ಯರ್ಥ. ಹಿಂದೆ ಮಾತ್ರ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಗಾಡಿ ತಿರುಗಿಬಿಡಬಹುದು. ಹೀಗೆ ಬ್ರೇಕ್ ಬದಲಿಸುವುದಕ್ಕೆ ‘ಮೇಲ್ದರ್ಜೆಗೇರಿಸು’ ಎಂದು ಬರೆದು ಹೊಡೆದು ಹಾಕಿದೆ. ಅದು ಶಾಲೆಗೆ, ಆಸ್ಪತ್ರೆಗೆ, ರೈಲು ನಿಲ್ದಾಣಕ್ಕೆ ಸರಿ. ‘ದೊಡ್ಡ ಬ್ರೇಕ್ ಹಾಕಿಸುವುದು’ ಎಂದರೆ ಯಾರಿಗೂ ಅರ್ಥವಾಗುತ್ತದೆ, ಅದನ್ನೇ ಉಳಿಸಿಕೊಂಡಿದ್ದೇನೆ.

ಈಗ ಮುಖ್ಯ ಪ್ರಶ್ನೆ: ‘ಹಿಡಿ’.

‘ಬ್ರೇಕ್ ಹಿಡಿ’ ಎಂದರೆ ಓಡಿಸುವವನ ಕೆಲಸ. ‘ಬ್ರೇಕ್ ಚೆನ್ನಾಗಿ ಹಿಡಿಯುತ್ತೆ’ ಎಂದರೆ ಬ್ರೇಕಿನ ಗುಣ. ‘ಹಿಡೀತಾನೇ ಇಲ್ಲ’ ಎಂದರೆ ದೋಷ. ಇಷ್ಟರವರೆಗೆ ಗೊಂದಲವಿಲ್ಲ. ಆದರೆ ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇದ್ದರೆ, ಅದಕ್ಕೂ ‘ಬ್ರೇಕ್ ಹಿಡೀತಿದೆ’ ಎನ್ನುವುದನ್ನು ಕೇಳಿದ್ದೇನೆ. ಹಳೆಯ ಕ್ಯಾಲಿಪರ್‌ಗಳಲ್ಲಿ ಇದು ಸಾಮಾನ್ಯ: ಪ್ಯಾಡನ್ನು ತಳ್ಳುವ ಪಿಸ್ಟನ್ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಕ್ಯಾಲಿಪರ್ ಜಾರಬೇಕಾದ ಪಿನ್ನುಗಳಲ್ಲಿ ಗ್ರೀಸ್ ಒಣಗಿರುತ್ತದೆ. ಹೀಗೆ ಒಂದೇ ವಾಕ್ಯ ಹೊಗಳಿಕೆಯೂ ಆಗುತ್ತದೆ, ದೂರೂ ಆಗುತ್ತದೆ. ಎದುರಿಗೆ ನಿಂತು ಮಾತಾಡುವಾಗ ದನಿಯಿಂದ ತಿಳಿಯುತ್ತದೆ. ಬರಹದಲ್ಲಿ ತಿಳಿಯುವುದಿಲ್ಲ, ಬ್ರೇಕಿನ ವಿಷಯದಲ್ಲಿ ಅದು ಅಪಾಯ.

ನನಗೆ ತೋಚಿದ ದಾರಿ ‘ಕೊಳ್ಳು’ ಸೇರಿಸುವುದು. ‘ಹಿಂದಿನ ಚಕ್ರ ಹಿಡಿದುಕೊಂಡಿದೆ’ ಎಂದಾಗ ದೋಷವೆಂದೇ ಕೇಳಿಸುತ್ತದೆ. ತಾನಾಗಿ ಹಿಡಿದದ್ದು, ಬಿಡುತ್ತಿಲ್ಲ ಎಂಬ ಅರ್ಥ ಆ ‘ಕೊಳ್ಳು’ವಿನಿಂದಲೇ ಬರುತ್ತದೆ. ಆದ್ದರಿಂದ ಗುಣಕ್ಕೆ ‘ಹಿಡಿಯುತ್ತದೆ’, ದೋಷಕ್ಕೆ ‘ಹಿಡಿದುಕೊಳ್ಳುತ್ತದೆ’ ಎಂದು ಬರಹದುದ್ದಕ್ಕೂ ಪಾಲಿಸಿದ್ದೇನೆ. ‘ಕಚ್ಚು’ ಬೇಡವೆನಿಸಿತು. ಬೀಗ ಕಚ್ಚಿಕೊಂಡಿದೆ ಎನ್ನುವಂತೆ ಅದೂ ದೋಷದ ಕಡೆಗೇ ವಾಲುತ್ತದೆ. ಪೆಡಲ್ ಮುಟ್ಟಿದ ಕೂಡಲೇ ಸಿಗುವ ಬಿಗಿಗೆ ‘ಮೊದಲ ಹಿಡಿತ’ ಎಂದಿದ್ದೇನೆ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಸ್ಯಾನ್ ಹೋಸೆ ಹತ್ತಿರದ ಮೌಂಟ್ ಹ್ಯಾಮಿಲ್ಟನ್‌ನಂಥ ತಿರುವಿನ ರಸ್ತೆಯಲ್ಲಿ ವೇಗವಾಗಿ ಇಳಿಯುತ್ತಾ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಪ್ಯಾಡ್ ಕಾಯುತ್ತದೆ. ಒಂದು ಮಿತಿ ದಾಟಿದ ಮೇಲೆ ಘರ್ಷಣೆ ಕುಗ್ಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಧಾನವಾಗುವುದಿಲ್ಲ. ತಣಿದ ಮೇಲೆ ಮತ್ತೆ ಹಿಡಿಯುತ್ತದೆ. ಇದನ್ನು ‘ಬ್ರೇಕ್ ಫೇಲ್’ ಎನ್ನುವಂತಿಲ್ಲ, ಯಾವುದೂ ಮುರಿದಿಲ್ಲ, ಸೋರಿಲ್ಲ. ದೊಡ್ಡ ಡಿಸ್ಕಿನ ನಿಜವಾದ ಲಾಭ ಇರುವುದೂ ಇಲ್ಲೇ. ಒಂದೇ ಸಲ ಗಟ್ಟಿಯಾಗಿ ಒತ್ತಿ ನಿಲ್ಲಿಸುವಾಗ ಮಿತಿ ಹಾಕುವುದು ಟೈರು. ಚಕ್ರ ಲಾಕ್ ಮಾಡುವಷ್ಟು ಶಕ್ತಿ ಹಳೆಯ ಬ್ರೇಕಿಗೂ ಇದೆ. ಡಿಸ್ಕ್ ದೊಡ್ಡದಾದರೆ ಬಿಸಿಯನ್ನು ತಾಳುವ ಲೋಹ ಹೆಚ್ಚುತ್ತದೆ, ಹತ್ತನೆಯ ತಿರುವಿನಲ್ಲೂ ಮೊದಲನೆಯದರಷ್ಟೇ ಹಿಡಿತ ಸಿಗುತ್ತದೆ.

ಈ ಅವಸ್ಥೆಗೆ ‘ಬ್ರೇಕ್ ಸೋಲುವುದು’ ಎಂದು ಬರೆಯಲೇ? ‘ಕೈ ಸೋತವು’, ‘ಕಾಲು ಸೋತು ಬಂತು’ ಎನ್ನುವಾಗಿನ ಸೋಲು ಇದು, ಪಂದ್ಯದ ಸೋಲಲ್ಲ. ಬಳಲಿಕೆಯಿಂದ ಬಂದದ್ದು, ಸುಧಾರಿಸಿಕೊಂಡರೆ ಹೋಗುವಂಥದ್ದು. ನನಗೆ ಬಹಳ ಒಪ್ಪಿದ ಪದ. ಆದರೆ ಬೆಂಗಳೂರಿನಲ್ಲಿರುವ ನಮ್ಮ ಅಣ್ಣ ಓದಿ, ‘ಫೇಲ್’ ಎಂಬುದನ್ನೇ ಕನ್ನಡಕ್ಕೆ ತಿರುಗಿಸಿದ್ದೀಯ ಅಂದುಕೊಂಡೆ ಎಂದರು. ಹಾಗೆ ಕೇಳಿಸಿದರೆ ಉದ್ದೇಶವೇ ಕೆಟ್ಟಿತು.

ಇದರ ಪಕ್ಕದಲ್ಲೇ ಇರುವ ಇನ್ನೊಂದು ಅವಸ್ಥೆಯನ್ನು ಬೇರೆಯಾಗಿ ಹೇಳಲೇಬೇಕು. ಬಿಸಿಗೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯುತ್ತದೆ. ಇದಕ್ಕೆ ‘ಪೆಡಲ್ ಕುಸಿಯುವುದು’ ಎಂದಿದ್ದೇನೆ. ಕಾರಣವೂ ಬೇರೆ, ಪರಿಹಾರವೂ ಬೇರೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲಿನ ಮಿತಿ 155. ಗಾಳಿಯ ತೇವವನ್ನು ಅದು ಹೀರುತ್ತಲೇ ಇರುತ್ತದಾದ್ದರಿಂದ ಡಿಸ್ಕ್ ಎಷ್ಟೇ ದೊಡ್ಡದಿರಲಿ, ಕಾಲಕಾಲಕ್ಕೆ ಆಯಿಲ್ ಬದಲಿಸಿ, ಪೈಪಿನೊಳಗೆ ಸೇರಿದ ಏರ್ ತೆಗೆಯಬೇಕು.

ಅಂದಹಾಗೆ, ‘ಬ್ರೇಕ್ ಆಯಿಲ್’ ಎಂಬ ಹೆಸರೇ ನನ್ನನ್ನು ಕಾಡುತ್ತಿದೆ. ಮೆಕ್ಯಾನಿಕ್ಕುಗಳೂ ಅಂಗಡಿಯವರೂ ಹಾಗೇ ಅನ್ನುತ್ತಾರೆ, ಕೇಳಿದರೆ ಸರಿಯಾದ ಡಬ್ಬಿಯನ್ನೇ ಕೊಡುತ್ತಾರೆ. ಆದರೆ ಡಾಟ್ 3, ಡಾಟ್ 4 ಎಣ್ಣೆಗಳಲ್ಲ, ಗ್ಲೈಕಾಲ್ ಮೂಲದವು. ಆಯಿಲ್ ಎಂಬ ಮಾತು ನಂಬಿ ಯಾರಾದರೂ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಬ್ರೇಕೇ ಹಾಳಾಗುತ್ತದೆ. ರೂಢಿಯ ಪದ ಉಳಿಸಿಕೊಂಡು, ಮೊದಲ ಸಲ ಬಂದಲ್ಲಿ ಎಚ್ಚರಿಕೆ ಬರೆದಿದ್ದೇನೆ. ‘ಬ್ರೇಕ್ ದ್ರವ’ ಎಂದು ಅಂಗಡಿಯಲ್ಲಿ ಕೇಳುವವರು ಯಾರೂ ಇಲ್ಲ.

ಒಂದು ಪದದ ಬಗ್ಗೆ ಮಾತ್ರ ನನಗೆ ಸಂದೇಹವಿಲ್ಲ: ‘ಪಳಗಿಸು’. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ವೇಗದಿಂದ ನಿಧಾನಕ್ಕೆ, ಪೂರ್ತಿ ನಿಲ್ಲಿಸದೆ, ಹಲವು ಸಲ ಬ್ರೇಕ್ ಒತ್ತಿ ಬಿಸಿ ಮಾಡಬೇಕು, ಆಮೇಲೆ ಓಡಿಸುತ್ತಲೇ ತಣಿಸಬೇಕು. ಆಗ ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ಹೊಸ ದೋಸೆ ಕಾವಲಿಯನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸುವುದೂ ಹೀಗೇ ಪದರ ಕೂರಿಸುವ ಕೆಲಸ, ಹಾಗಾಗಿ ಪದವೂ ಅರ್ಥವೂ ಸರಿಯಾಗಿ ಹೊಂದುತ್ತವೆ.

ನನ್ನ ಕೋರಿಕೆ ಇಷ್ಟು. ಶಿರಾಡಿ, ಚಾರ್ಮಾಡಿ, ಆಗುಂಬೆ ಘಟ್ಟಗಳಲ್ಲಿ ಲಾರಿ, ಬಸ್ಸು ಇಳಿಸುವವರಿಗೆ ಬ್ರೇಕ್ ಕಾದು ಹಿಡಿತ ಕುಗ್ಗುವ ಅನುಭವ ಹೊಸದಲ್ಲ. ಡ್ರಮ್ ಬ್ರೇಕಿನ ಗಾಡಿಗಳಲ್ಲಂತೂ ಅದು ಇನ್ನೂ ಬೇಗ ಬರುತ್ತದೆ. ಅವರು ಅದಕ್ಕೆ ಏನನ್ನುತ್ತಾರೆ? ‘ಲೈನರ್ ಕಾದಿದೆ’ (ಲೈನರ್ ಎಂದರೆ ಡ್ರಮ್ ಬ್ರೇಕಿನಲ್ಲಿ ಪ್ಯಾಡಿನ ಕೆಲಸ ಮಾಡುವ ಪಟ್ಟಿ) ಎಂದು ಕೇಳಿದ ನೆನಪಿದೆ, ಆದರೆ ಅದು ಕಾರಣ ಹೇಳುವ ಮಾತು. ಅವಸ್ಥೆಗೇ ಒಂದು ಹೆಸರು ಮಲೆನಾಡಿನಲ್ಲೋ ಕರಾವಳಿಯಲ್ಲೋ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ, ‘ಸೋಲು’ ಬಿಟ್ಟು ಅದನ್ನೇ ಹಾಕುತ್ತೇನೆ. ಉತ್ತರ ಕರ್ನಾಟಕದವರು ‘ಹಿಡಿದುಕೊಂಡಿದೆ’ ಎಂಬುದನ್ನು ದೋಷವೆಂದೇ ಓದುತ್ತಾರೆಯೇ ಎಂಬುದನ್ನೂ ಹೇಳಿದರೆ ಉಪಕಾರ.